ಬೆಕ್ಕು ಒಪ್ಪುವ ಮೂಲೆ: ಬೆಂಗಳೂರಿನ ಮನೆಗಳಲ್ಲಿ ಲಿಟರ್ ಬಾಕ್ಸ್ ನಿಭಾಯಿಸುವ ಬಗೆ

ಹನುಮಂತನಗರದಲ್ಲಿ ಎರಡನೆಯ ಮಹಡಿಯ ಬಾಡಿಗೆ ಮನೆ ನಮ್ಮದು. ನಮ್ಮ ಜೊತೆ ಮೂರು ಬೆಕ್ಕುಗಳಿವೆ: ಕರಿಯ, ಪುಟ್ಟಿ, ಬೂದಿ. ಮೂರೂ ಬೀದಿಯಿಂದ ಬಂದವು. ಬೆಕ್ಕು ಸಾಕಲು ಹೊರಟವರು ಊಟದ ಬಗ್ಗೆ ಕೇಳುತ್ತಾರೆ, ಲಸಿಕೆಯ ಬಗ್ಗೆ ಕೇಳುತ್ತಾರೆ. ಲಿಟರ್ ಬಾಕ್ಸ್ ಎಂದರೆ ಬೆಕ್ಕು ಮಲಮೂತ್ರ ಮಾಡಲು ಲಿಟರ್ ಎಂಬ ಮಣ್ಣು ತುಂಬಿ ಮನೆಯೊಳಗೆ ಇಡುವ ಟಬ್ಬು. ಅದರ ಬಗ್ಗೆ ಕೇಳುವುದು ಹಾಸಿಗೆ ಒದ್ದೆಯಾದ ಮೇಲೆ. ಅಷ್ಟು ಹೊತ್ತಿಗೆ ಮನೆಯವರ ಮುಖ ಸಪ್ಪಗಾಗಿರುತ್ತದೆ, ವಾಸನೆಯ ದೂರು ಮನೆ ಮಾಲೀಕರ ಕಿವಿಗೂ ಬಿದ್ದಿರುತ್ತದೆ, "ಇದನ್ನು ಎಲ್ಲಾದರೂ ಬಿಟ್ಟು ಬಾ" ಎಂಬ ಮಾತೂ ಬಂದಿರುತ್ತದೆ. ಯಾವ ಮನೆಯಲ್ಲಿಯೂ ಆ ಮಾತು ಬರಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಬೆಕ್ಕು ಹಟಕ್ಕೋ ಸೇಡಿಗೋ ಹಾಸಿಗೆಯ ಮೇಲೆ ಉಚ್ಚೆ ಹೊಯ್ಯುವುದಿಲ್ಲ. ಅದಕ್ಕೆ ಮೈ ಸರಿಯಿಲ್ಲದಿರಬೇಕು, ನಾವು ಇಟ್ಟ ಟಬ್ಬು ಅದಕ್ಕೆ ಒಗ್ಗದಿರಬೇಕು, ಇಲ್ಲವೇ ಮನೆಯಲ್ಲಿ ಯಾವುದೋ ಹೆದರಿಕೆ ಕಾಡುತ್ತಿರಬೇಕು. ಈ ಮೂರರಲ್ಲಿ ಯಾವುದು ಎಂದು ಕಂಡುಕೊಳ್ಳುವುದೇ ಮುಖ್ಯ ಕೆಲಸ. ಸಾಕುಬೆಕ್ಕಿನ ಪೂರ್ವಿಕರು ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ನೆಲದ ಕಾಡುಬೆಕ್ಕುಗಳು. ಸಡಿಲ ಮಣ್ಣನ್ನು ಕೆರೆದು, ಕುಳಿತು, ಮುಚ್ಚುವುದು ಅದಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ. ಹೀಗಾಗಿ ನಾಯಿಗೆ ಕಲಿಸಿದಂತೆ ಬೆಕ್ಕಿಗೆ ಕಲಿಸಬೇಕಾಗಿಲ್ಲ. ಅದು ಒಪ್ಪುವಂತಹ ಜಾಗವನ್ನು ನಾವು ಒದಗಿಸಿದರೆ ಆಯಿತು.

ಟಬ್ಬು ದೊಡ್ಡದಿರಲಿ

ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಟ್ರೇಗಳು ಬೆಳೆದ ಬೆಕ್ಕಿಗೆ ಸಾಲುವುದಿಲ್ಲ. ಟೇಪು ಹಿಡಿದು ಬೆಕ್ಕಿನ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆಯಿರಿ. ಟಬ್ಬು ಅದರ ಒಂದೂವರೆ ಪಟ್ಟು ಉದ್ದವಿರಬೇಕು. ನಮ್ಮ ಕರಿಯ 45 ಸೆಂಟಿಮೀಟರ್ ಇದ್ದಾನೆ, ಅಂದರೆ ಅವನಿಗೆ 65 ಸೆಂಟಿಮೀಟರಿಗಿಂತ ಹೆಚ್ಚು ಉದ್ದದ್ದು ಬೇಕು. ನಾನು ಗಾಂಧಿಬಜಾರಿನ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಬಟ್ಟೆ ತುಂಬಿಡುವ ದೊಡ್ಡ ಡಬ್ಬ ತಂದು, ಒಂದು ಬದಿಯನ್ನು ನೆಲದಿಂದ 12 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿದೆ. ಅಂಚು ಕಾಲಿಗೆ ತರಚದಂತೆ ಮರಳು ಕಾಗದದಿಂದ ಉಜ್ಜಿದೆ. ಉಳಿದ ಮೂರು ಬದಿಗಳು ಎತ್ತರವಾಗಿರುವುದರಿಂದ ಕೆರೆದ ಮಣ್ಣು ಹೊರಗೆ ಚೆಲ್ಲುವುದಿಲ್ಲ. ಮುದಿ ಬೆಕ್ಕಾದರೆ, ಕೀಲುನೋವಿದ್ದರೆ, ಒಳಗೆ ಹೋಗುವ ಬದಿ ಇನ್ನೂ ತಗ್ಗಾಗಿರಬೇಕು.

ಮುಚ್ಚಳವಿರುವ ಬಾಕ್ಸ್ ನಮ್ಮ ಕಣ್ಣಿಗೆ ಚೆಂದ. ಆದರೆ ವಾಸನೆ ಒಳಗೇ ನಿಲ್ಲುತ್ತದೆ, ಮತ್ತು ಒಳಗೆ ಕುಳಿತ ಬೆಕ್ಕಿಗೆ ಹೊರಗೆ ಯಾರು ಬರುತ್ತಿದ್ದಾರೆ ಎಂದು ಕಾಣುವುದಿಲ್ಲ. ಕಣ್ಣಿಗೆ ಕಾಣುವುದಿಲ್ಲವೆಂದು ನಾವೂ ತೆಗೆಯುವುದನ್ನು ಮುಂದಕ್ಕೆ ಹಾಕುತ್ತೇವೆ. ಮುಚ್ಚಳವಿಲ್ಲದೆ ಶುರು ಮಾಡಿ.

ಎಲ್ಲಿ ಇಡುವುದು

ಈ ಊರಿನ ಮನೆಗಳಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ಅಡುಗೆಮನೆಯ ಹಿಂದೆ ಒಂದು ಯುಟಿಲಿಟಿ ಇರುತ್ತದೆ, ಅಲ್ಲಿ ನಲ್ಲಿ ಇರುತ್ತದೆ, ಗಾಳಿ ಆಡುತ್ತದೆ, ನೆಂಟರ ಕಣ್ಣಿಗೆ ಬೀಳುವುದಿಲ್ಲ. ಎಲ್ಲರೂ ಟಬ್ಬನ್ನು ಅಲ್ಲಿಗೇ ತಳ್ಳುತ್ತಾರೆ. ನಾನೂ ತಳ್ಳಿದ್ದೆ. ಪಕ್ಕದಲ್ಲಿ ವಾಷಿಂಗ್ ಮೆಷಿನ್ ಇತ್ತು. ಪುಟ್ಟಿ ಒಳಗೆ ಕುಳಿತಿದ್ದಾಗ ಮೆಷಿನ್ ಬಟ್ಟೆ ಹಿಂಡಲು ಶುರು ಮಾಡಿ ಗಡಗಡನೆ ಅದುರಿತು. ಅವಳು ಅರ್ಧದಲ್ಲೇ ಎದ್ದು ಮಂಚದ ಕೆಳಗೆ ಸೇರಿಕೊಂಡಳು. ಆಮೇಲೆ ಹದಿನೈದು ದಿನ ಆ ಕಡೆ ಸುಳಿಯಲಿಲ್ಲ, ಮಡಚಿಟ್ಟ ಬಟ್ಟೆಯ ರಾಶಿಯೇ ಅವಳ ಜಾಗವಾಯಿತು. ನಾನು ಆಗ ಅವಳನ್ನು ಗದರಿದೆ. ಗದರಿದ್ದರಿಂದ ಅವಳು ನನಗೂ ಹೆದರತೊಡಗಿದಳು. ಟಬ್ಬನ್ನು ಮಲಗುವ ಕೋಣೆಯ ಮೂಲೆಗೆ ತಂದಿಟ್ಟ ಮೂರನೆಯ ದಿನಕ್ಕೆ ಎಲ್ಲ ಸರಿಹೋಯಿತು.

ಬಚ್ಚಲುಮನೆಯೂ ಅನುಕೂಲವಲ್ಲ. ಬಕೆಟ್ಟಿನಲ್ಲಿ ನೀರು ತುಂಬಿಸಿ ಸ್ನಾನ ಮಾಡುವ ಮನೆಯಲ್ಲಿ ನೆಲ ಸದಾ ಒದ್ದೆ, ಬಾಗಿಲು ಹಾಕಿರುತ್ತದೆ, ತಣ್ಣೀರು ಚಿಮ್ಮಿದರೆ ಬೆಕ್ಕು ಮತ್ತೆ ಬರುವುದಿಲ್ಲ. ಬಾಲ್ಕನಿಯಾದರೆ ಮೊದಲು ಗಟ್ಟಿಯಾದ ಬಲೆ ಹಾಕಿಸಿ, ಆಮೇಲೆ ಮಳೆಯ ಎರಚಲು ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿ. ಸೆಪ್ಟೆಂಬರ್, ಅಕ್ಟೋಬರ್ ಸಂಜೆಯ ಮಳೆಗೆ ಟಬ್ಬಿನ ಮಣ್ಣು ಕೆಸರಾಗುತ್ತದೆ. ದೀಪಾವಳಿಯ ದಿನಗಳಲ್ಲಿ ಪಟಾಕಿ ಸದ್ದಿಗೆ ಬಾಲ್ಕನಿಗೆ ಯಾವ ಬೆಕ್ಕೂ ಕಾಲಿಡುವುದಿಲ್ಲ, ಆ ವಾರ ಒಳಗಿನ ಕೋಣೆಯಲ್ಲಿ ಇನ್ನೊಂದು ಟಬ್ಬು ಇರಲೇಬೇಕು.

ಜಾಗ ಹೇಗಿರಬೇಕು? ಸದ್ದಿರಬಾರದು, ಹಗಲೂ ರಾತ್ರಿಯೂ ಬಾಗಿಲು ತೆರೆದಿರಬೇಕು, ಹೊರಬರಲು ಎರಡು ದಾರಿಗಳಿದ್ದರೆ ಒಳ್ಳೆಯದು. ಊಟ, ನೀರಿನ ಬಟ್ಟಲು ದೂರವಿರಬೇಕು. ಉಣ್ಣುವ ಜಾಗದಲ್ಲಿ ಬೆಕ್ಕು ಹೇಲುವುದಿಲ್ಲ.

ಎಷ್ಟು ಟಬ್ಬು ಎಂಬುದಕ್ಕೆ ಪಶುವೈದ್ಯರು ಹೇಳುವ ಲೆಕ್ಕ: ಬೆಕ್ಕಿಗೊಂದು, ಮೇಲೊಂದು. ಮೂರು ಬೆಕ್ಕಿಗೆ ನಾಲ್ಕು. ಎರಡು ಕೋಣೆಯ ಮನೆಯಲ್ಲಿ ನಾಲ್ಕು ಟಬ್ಬು ಎಂದರೆ ಜನ ಬೆಚ್ಚುತ್ತಾರೆ, ನನಗೆ ಅರ್ಥವಾಗುತ್ತದೆ. ಮೂರಕ್ಕಾದರೂ ಜಾಗ ಮಾಡಿ, ಮತ್ತು ಬೇರೆ ಬೇರೆ ಕಡೆ ಇಡಿ. ಪಕ್ಕಪಕ್ಕದಲ್ಲಿಟ್ಟ ಎರಡು ಟಬ್ಬು ಬೆಕ್ಕಿನ ಪಾಲಿಗೆ ಒಂದೇ. ನಮ್ಮ ಬೂದಿ ಹಜಾರದ ಬಾಗಿಲಲ್ಲಿ ಸುಮ್ಮನೆ ಕುಳಿತಿರುತ್ತಿದ್ದ. ಅವನು ಏನೂ ಮಾಡುತ್ತಿಲ್ಲ ಎಂದೇ ನಾವು ತಿಳಿದಿದ್ದೆವು. ಅವನನ್ನು ದಾಟಿ ಟಬ್ಬಿಗೆ ಹೋಗಲು ಪುಟ್ಟಿಗೆ ಧೈರ್ಯ ಸಾಲುತ್ತಿರಲಿಲ್ಲ ಎಂದು ತಿಳಿದದ್ದು ಬಹಳ ದಿನಗಳ ಮೇಲೆ.

ಯಾವ ಮಣ್ಣು

ಹೆಚ್ಚಿನ ಬೆಕ್ಕುಗಳು ಒಪ್ಪುವುದು ವಾಸನೆ ಬೆರೆಸದ, ನುಣ್ಣನೆಯ, ಒದ್ದೆಯಾದರೆ ಉಂಡೆಗಟ್ಟುವ ಬೆಂಟೊನೈಟ್ ಜೇಡಿ. ನಮ್ಮ ದೇಶದಲ್ಲಿ ಈ ಜೇಡಿ ಗುಜರಾತಿನ ಕಚ್ಛ್ ಮತ್ತು ರಾಜಸ್ಥಾನದ ಕಡೆ ಹೇರಳವಾಗಿ ಸಿಗುತ್ತದೆ. ಚೀಲದ ಮೇಲೆ ಲ್ಯಾವೆಂಡರ್, ನಿಂಬೆ ಎಂದು ಬರೆದಿದ್ದರೆ ಬಿಟ್ಟುಬಿಡಿ. ಆ ಸುವಾಸನೆ ನಮಗಾಗಿ ಬೆರೆಸಿದ್ದು, ಬೆಕ್ಕಿನ ಸೂಕ್ಷ್ಮ ಮೂಗಿಗೆ ಅದು ಘಾಟು. ಐದರಿಂದ ಏಳು ಸೆಂಟಿಮೀಟರ್ ಆಳ ಹಾಕಿ. ಅರವತ್ತಕ್ಕೆ ನಲವತ್ತು ಸೆಂಟಿಮೀಟರಿನ ಟಬ್ಬಿಗೆ 6 ಸೆಂಟಿಮೀಟರ್ ಆಳ ಎಂದರೆ ಸುಮಾರು 14 ಲೀಟರ್ ಅಳತೆಯ ಮಣ್ಣು. ಜಿಪುಣತನ ಮಾಡಿ ತೆಳುವಾಗಿ ಹಾಕಿದರೆ ಉಚ್ಚೆ ತಳಕ್ಕಿಳಿದು ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ವಾಸನೆ ಹುಟ್ಟುವುದು ಅಲ್ಲಿಂದಲೇ.

ಮರದ ಪುಡಿಯ ಗುಳಿಗೆಗಳು ಅಗ್ಗ, ಧೂಳು ಕಡಿಮೆ, ಆದರೆ ಕಾಲಿಗೆ ಒತ್ತುತ್ತವೆ ಎಂದು ಕೆಲವು ಬೆಕ್ಕುಗಳು ಒಪ್ಪುವುದಿಲ್ಲ. ಸೋಯಾ ಹಿಂಡಿಯಿಂದ ಮಾಡಿದ, ಟೋಫು ಲಿಟರ್ ಎಂದು ಮಾರುವ ಮಣ್ಣು ಹಗುರ, ಮೂರು ಮಹಡಿ ಹತ್ತಿಸುವವರಿಗೆ ಅನುಕೂಲ. ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಚೀಲಕ್ಕೆ ನಮ್ಮಲ್ಲಿ ಹುಳು ಹಿಡಿಯಿತು, ಈಗ ಅಕ್ಕಿ ಡಬ್ಬದಂತಹ ಬಿಗಿ ಮುಚ್ಚಳದ ಡಬ್ಬದಲ್ಲಿಡುತ್ತೇವೆ. ಎರಡು ತಿಂಗಳೊಳಗಿನ ಮರಿಗಳಿಗೆ ಉಂಡೆಗಟ್ಟುವ ಜೇಡಿ ಬೇಡ; ಅವು ಎಲ್ಲವನ್ನೂ ಬಾಯಿಗೆ ಹಾಕಿ ನೋಡುತ್ತವೆ, ಹೊಟ್ಟೆಯಲ್ಲಿ ಅದು ಗಟ್ಟಿಯಾಗಬಹುದು.

ಬೆಕ್ಕಿಗೆ ಮಣ್ಣು ಹಿಡಿಸಿದೆಯೋ ಇಲ್ಲವೋ ಎಂದು ಒಮ್ಮೆ ಪಕ್ಕದಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಮೆಚ್ಚಿದ ಬೆಕ್ಕು ಒಳಗೆ ಬಂದು ಮೂಸಿ, ಮುಂಗಾಲಿನಿಂದ ಸಾವಕಾಶವಾಗಿ ಗುಳಿ ತೋಡಿ, ತಿರುಗಿ ಕುಳಿತು, ಮುಗಿದ ಮೇಲೆ ಮತ್ತೆ ಮೂಸಿ ಮುಚ್ಚುತ್ತದೆ. ಮೆಚ್ಚದ ಬೆಕ್ಕು ಮುಂಗಾಲೆರಡನ್ನು ಟಬ್ಬಿನ ಅಂಚಿನ ಮೇಲಿಟ್ಟುಕೊಂಡು ಕೂರುತ್ತದೆ, ಮಣ್ಣಿನ ಬದಲು ಗೋಡೆಯನ್ನೋ ಪ್ಲಾಸ್ಟಿಕ್ಕನ್ನೋ ಕೆರೆಯುತ್ತದೆ, ಕಾಲು ಕೊಡವುತ್ತ ಜಿಗಿದು ಓಡುತ್ತದೆ. ಹಾಗೆ ಕಂಡರೆ ಇನ್ನೊಂದು ಟಬ್ಬಿನಲ್ಲಿ ಬೇರೆ ಮಣ್ಣು ಹಾಕಿ ಹತ್ತಿರದಲ್ಲೇ ಇಟ್ಟು, ವಾರದಲ್ಲಿ ಯಾವುದಕ್ಕೆ ಹೆಚ್ಚು ಹೋಗುತ್ತದೆ ನೋಡಿ. ಹಳೆಯ ಮಣ್ಣನ್ನು ಬದಲಿಸುವಾಗ ಒಂದೇ ದಿನ ಪೂರ್ತಿ ಬದಲಿಸಬೇಡಿ, ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೋಗಿ.

ಹೊಸದಾಗಿ ಬಂದ ಬೆಕ್ಕು

ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿಡಿ. ಆ ಕೋಣೆಯಲ್ಲಿ ಒಂದು ಮೂಲೆಗೆ ಊಟ, ಎದುರು ಮೂಲೆಗೆ ಟಬ್ಬು. ಉಂಡ ಮೇಲೆ, ನಿದ್ದೆಯಿಂದ ಎದ್ದ ಮೇಲೆ ಟಬ್ಬಿನ ಹತ್ತಿರ ಬಿಡಿ. ಕಾಲು ಹಿಡಿದು ಕೆರೆಸಬೇಡಿ, ಹೆದರುತ್ತದೆ. ಮೂರು ನಾಲ್ಕು ವಾರದ ಮರಿಗಳು ತಾವಾಗಿಯೇ ಕೆರೆಯಲು ಶುರು ಮಾಡುತ್ತವೆ. ಅದಕ್ಕಿಂತ ಚಿಕ್ಕದಾದ, ತಾಯಿಯಿಲ್ಲದ ಮರಿಗೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸಿದರೆ ಮಾತ್ರ ಉಚ್ಚೆ ಬರುತ್ತದೆ.

ಬೀದಿಯಲ್ಲಿ ಬೆಳೆದ ಬೆಕ್ಕು ಕಟ್ಟಡದ ಮುಂದಿನ ಮರಳಿನ ರಾಶಿಗೋ ತೋಟದ ಮಣ್ಣಿಗೋ ಒಗ್ಗಿರುತ್ತದೆ. ಟಬ್ಬಿನ ಲಿಟರ್ ಮೇಲೆ ಎರಡು ಹಿಡಿ ಒಣ ಮಣ್ಣು ಚೆಲ್ಲಿದರೆ ಅದಕ್ಕೆ ಗುರುತು ಸಿಗುತ್ತದೆ. ದಿನ ಕಳೆದಂತೆ ಮಣ್ಣು ಕಡಿಮೆ ಮಾಡಿ. ಇದೇ ಕಾರಣಕ್ಕೆ ತುಳಸಿ ಕುಂಡವೂ ಅದರ ಕಣ್ಣಿಗೆ ಬೀಳುತ್ತದೆ. ಕುಂಡದ ಮಣ್ಣಿನ ಮೇಲೆ ದುಂಡುಕಲ್ಲನ್ನೋ ತೆಂಗಿನ ಚಿಪ್ಪಿನ ಚೂರನ್ನೋ ಹಾಸಿದರೆ ಕೆರೆಯಲು ಆಗುವುದಿಲ್ಲ.

ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ನಾಲ್ಕರಿಂದ ಆರು ತಿಂಗಳೊಳಗೆ ಮಾಡಿಸಿ. ಮಾಡಿಸದ ಗಂಡು ಬೆಕ್ಕಿನ ಉಚ್ಚೆಯಲ್ಲಿ ಫೆಲಿನಿನ್ ಎಂಬ ಗಂಧಕವಿರುವ ಪದಾರ್ಥ ಹೆಚ್ಚಿರುತ್ತದೆ, ಎಷ್ಟು ತೊಳೆದರೂ ಹೋಗದ ಆ ಘಾಟು ಅದರದ್ದೇ.

ದಿನದಿನದ ಕೆಲಸ

ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಜಾಲರಿ ಸೌಟಿನಿಂದ ಉಂಡೆಗಳನ್ನು ತೆಗೆಯಿರಿ. ತೆಗೆಯುವಾಗ ಎಣಿಸಿ. ಇದು ನಾನು ಎಲ್ಲಕ್ಕಿಂತ ಒತ್ತಿ ಹೇಳುವ ಮಾತು. ಆರೋಗ್ಯವಾಗಿರುವ ಬೆಕ್ಕು ದಿನಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಲ ಉಚ್ಚೆ ಹೊಯ್ಯುತ್ತದೆ, ಒಂದು ಸಲ ಹೇಲುತ್ತದೆ. ಉಂಡೆ ಇದ್ದಕ್ಕಿದ್ದಂತೆ ದೊಡ್ಡದಾಗಿ, ಲೆಕ್ಕವೂ ಹೆಚ್ಚಾದರೆ ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರಬಹುದು. ಕಾಳಿನಷ್ಟು ಚಿಕ್ಕ ಉಂಡೆಗಳು ಹತ್ತಾರು ಕಂಡರೆ ಮೂತ್ರಕೋಶದ ಉರಿಯೂತವಿರಬಹುದು. ಎರಡಕ್ಕೂ ಪಶುವೈದ್ಯರನ್ನು ಕಾಣಬೇಕು.

ತೆಗೆದಷ್ಟು ಹೊಸ ಮಣ್ಣು ಹಾಕುತ್ತಿರಿ. ಉಂಡೆಗಟ್ಟುವ ಮಣ್ಣಾದರೆ ಮೂರು ನಾಲ್ಕು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ ಬಿಸಿಲಿಗಿಡಿ. ತಳದಲ್ಲಿ ಗೀರುಗಳು ಹೆಚ್ಚಾದರೆ ವಾಸನೆ ಅಲ್ಲೇ ಕೂರುತ್ತದೆ, ವರ್ಷಕ್ಕೊಮ್ಮೆ ಟಬ್ಬು ಬದಲಿಸುವುದು ಒಳ್ಳೆಯದು.

ಟಬ್ಬಿಗೂ ನೆಲಕ್ಕೂ ಫಿನಾಯಿಲ್ ಬೇಡ. ಕಪ್ಪು ಫಿನಾಯಿಲಿನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಅಂಗಾಲು ನೆಕ್ಕಿಕೊಂಡರೆ ವಿಷ ಒಳಗೆ ಹೋಗುತ್ತದೆ. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಕ್ರಿಮಿನಾಶಕಗಳೂ ಪೈನ್ ಎಣ್ಣೆಯ ಬಿಳಿ ಫಿನಾಯಿಲೂ ಇದೇ ಸಾಲಿನವು. ಉಚ್ಚೆಯ ಮೇಲೆ ಬ್ಲೀಚ್ ಸುರಿದರೆ ಅಮೋನಿಯದೊಂದಿಗೆ ಸೇರಿ ಉಸಿರುಗಟ್ಟಿಸುವ ಅನಿಲ ಏಳುತ್ತದೆ, ಅದು ಮನುಷ್ಯರಿಗೂ ಅಪಾಯ. ವಾಸನೆ ಮುಚ್ಚಲೆಂದು ಮೂಲೆಯಲ್ಲಿ ಇಡುವ ನ್ಯಾಫ್ತಲೀನ್ ಗುಳಿಗೆಯೂ ಬೆಕ್ಕಿಗೆ ವಿಷ. ನೆಲ ಒರೆಸಲು ಬರುವ ಅಕ್ಕನಿಗೆ ಇದನ್ನು ನಾನು ಹೇಳಿರಲಿಲ್ಲ. ಹೇಳಿದ ಮೇಲೆ ಅವರೇ ಫಿನಾಯಿಲ್ ಬಾಟಲಿಯನ್ನು ಮೇಲಿನ ಅಟ್ಟಕ್ಕೆ ಎತ್ತಿಟ್ಟರು. ನಿಮ್ಮ ಮನೆಯಲ್ಲಿಯೂ ಮೊದಲೇ ಹೇಳಿಬಿಡಿ.

ಮನೆಯಲ್ಲಿ ಗರ್ಭಿಣಿ ಇದ್ದರೆ ಬೆಕ್ಕನ್ನು ಬಿಟ್ಟು ಬನ್ನಿ ಎಂದು ಹೇಳುವವರು ಬಹಳ ಜನ. ಅವರ ಭಯಕ್ಕೆ ಕಾರಣವಿದೆ. ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದಲ್ಲಿ ಬರಬಹುದು, ಹೊಟ್ಟೆಯಲ್ಲಿರುವ ಮಗುವಿಗೆ ಅದರಿಂದ ಹಾನಿಯಾಗಬಹುದು. ಆದರೆ ಮಲದಲ್ಲಿ ಬಂದ ಅದರ ಮೊಟ್ಟೆಯಂತಹ ಕಣಗಳು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ತೆಗೆದರೆ ಅಪಾಯ ಬಹಳ ತಗ್ಗುತ್ತದೆ. ಆ ತಿಂಗಳುಗಳಲ್ಲಿ ಟಬ್ಬಿನ ಕೆಲಸವನ್ನು ಮನೆಯ ಬೇರೆಯವರು ಮಾಡಲಿ, ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ, ಇಲಿ ಹಿಡಿಯಲು ಹೊರಗೆ ಬಿಡಬೇಡಿ. ತೊಳೆಯದ ಸೊಪ್ಪು, ಸರಿಯಾಗಿ ಬೇಯದ ಮಾಂಸದಿಂದಲೂ ಇದೇ ಸೋಂಕು ಬರುತ್ತದೆ ಎಂಬುದನ್ನು ಅತ್ತೆಗೂ ಅಮ್ಮನಿಗೂ ತಿಳಿಸಿ, ನಿಮ್ಮ ವೈದ್ಯರನ್ನೂ ಕೇಳಿ.

ಟಬ್ಬಿನ ಹೊರಗೆ ಹೋದರೆ

ಮೊದಲು ಯಾವ ರೀತಿಯದು ಎಂದು ನೋಡಿ. ಬಾಲ ನಿಮಿರಿಸಿ, ತುದಿ ನಡುಗಿಸುತ್ತ ನಿಂತುಕೊಂಡು ಗೋಡೆಗೋ ಪರದೆಗೋ ಸ್ವಲ್ಪ ಚಿಮ್ಮಿಸಿದರೆ ಅದು ತನ್ನ ಎಲ್ಲೆಯನ್ನು ಗುರುತು ಮಾಡುವುದು. ಕಿಟಕಿಯಾಚೆ ಬೇರೆ ಬೆಕ್ಕು ಸುಳಿಯುತ್ತಿರಬಹುದು, ಶಸ್ತ್ರಚಿಕಿತ್ಸೆ ಆಗಿರದಿರಬಹುದು. ಕುಳಿತು ನೆಲದ ಮೇಲೋ ಹಾಸಿಗೆಯ ಮೇಲೋ ಪೂರ್ತಿ ಹೊಯ್ದರೆ ಟಬ್ಬಿನಲ್ಲಿ ಅಥವಾ ಮೈಯಲ್ಲಿ ತೊಂದರೆಯಿದೆ.

ಗಂಡು ಬೆಕ್ಕಿನ ವಿಷಯದಲ್ಲಿ ಒಂದು ಘಟನೆಯನ್ನು ಹೇಳಲೇಬೇಕು. ಒಂದು ಭಾನುವಾರ ಬೆಳಿಗ್ಗೆ ಕರಿಯ ಅರ್ಧ ಗಂಟೆಯಲ್ಲಿ ಐದು ಸಲ ಟಬ್ಬಿಗೆ ಹೋದ. ಕುಳಿತು ತಿಣುಕುತ್ತಿದ್ದ, ಎದ್ದು ಹಿಂಭಾಗ ನೆಕ್ಕಿಕೊಳ್ಳುತ್ತಿದ್ದ, ಮತ್ತೆ ಕುಳಿತುಕೊಳ್ಳುತ್ತಿದ್ದ. ಅಂಗಾಲು ಸುಟ್ಟ ಬೆಕ್ಕಿನಂತೆ ಎಂದು ನಾವು ಮನುಷ್ಯರಿಗೆ ಹೇಳುವ ಮಾತು ಅವತ್ತು ನನ್ನ ಕಣ್ಣೆದುರೇ ಇತ್ತು. "ಮಲಬದ್ಧತೆ ಇರಬೇಕಮ್ಮ, ಒಂದಿಷ್ಟು ಹಾಲು ಕೊಡು" ಎಂದರು ಅತ್ತೆ. ನಾನು ಅವನು ಎದ್ದ ಜಾಗದ ಮಣ್ಣನ್ನು ಮುಟ್ಟಿ ನೋಡಿದೆ. ಒಣಗಿತ್ತು. ರಾತ್ರಿಯ ಲೆಕ್ಕ ನೆನಪಾಯಿತು: ಅವನು ಹೋಗುವ ಟಬ್ಬಿನಲ್ಲಿ ಒಂದೂ ಉಂಡೆ ಇರಲಿಲ್ಲ. ಆಟೋ ಹಿಡಿದು ಹೋದೆವು. ಹೊಟ್ಟೆಯ ಕೆಳಗೆ ಮೂಸಂಬಿಯಷ್ಟು ಗಟ್ಟಿಯಾಗಿ ಮೂತ್ರಕೋಶ ಕೈಗೆ ಸಿಗುತ್ತಿತ್ತು. ಮೂತ್ರನಾಳ ಕಟ್ಟಿಕೊಂಡಿತ್ತು. ನಳಿಕೆ ಹಾಕಿ ತೆರವು ಮಾಡಿದರು, ಮೂರು ದಿನ ಆಸ್ಪತ್ರೆಯಲ್ಲಿದ್ದ. ಈ ಸ್ಥಿತಿಯಲ್ಲಿ ಒಂದೆರಡು ದಿನ ತಡಮಾಡಿದರೆ ಬೆಕ್ಕು ಸಾಯುತ್ತದೆ. ತಿಣುಕಿಯೂ ಹನಿ ಬಾರದಿದ್ದರೆ ಮನೆಮದ್ದು ಬೇಡ, ಹೊಟ್ಟೆ ಒತ್ತುವುದು ಬೇಡ, ಮರುದಿನಕ್ಕೆ ಕಾಯುವುದಂತೂ ಬೇಡವೇ ಬೇಡ. ರಾತ್ರಿ ತೆರೆದಿರುವ ಪ್ರಾಣಿಗಳ ಚಿಕಿತ್ಸಾಲಯ ನಿಮ್ಮ ಬಡಾವಣೆಗೆ ಹತ್ತಿರ ಎಲ್ಲಿದೆ ಎಂದು ಇವತ್ತೇ ವಿಚಾರಿಸಿ, ನಂಬರನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿಯೂ ಆಸ್ಪತ್ರೆ ಇದೆ.

ವೈದ್ಯರು ಕಾಯಿಲೆ ಇಲ್ಲವೆಂದರೆ ಟಬ್ಬು, ಜಾಗ, ಮಣ್ಣು, ಮನೆಯ ಇತರ ಬೆಕ್ಕುಗಳು, ಹೊಸ ನೆಂಟರು, ಪಕ್ಕದ ಕಟ್ಟಡದ ಡ್ರಿಲ್ಲಿಂಗ್ ಸದ್ದು, ಹೀಗೆ ಒಂದೊಂದಾಗಿ ನೋಡುತ್ತ ಬನ್ನಿ. ಹೊಯ್ದ ಜಾಗವನ್ನು ಒಣಬಟ್ಟೆಯಿಂದ ಹೀರಿಸಿ, ನೀರಿನಿಂದ ಒರೆಸಿ, ಕಿಣ್ವ (ಎಂಜೈಮ್) ಇರುವ ಕ್ಲೀನರ್ ಹಾಕಿ ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಬಿಡಿ. ಉಚ್ಚೆಯ ವಾಸನೆ ಬರೀ ಸೋಪಿಗೆ ಪೂರ್ತಿ ಹೋಗುವುದಿಲ್ಲ. ನಮಗೆ ಗೊತ್ತಾಗದ ವಾಸನೆ ಬೆಕ್ಕಿಗೆ ಗೊತ್ತಾಗಿ ಮತ್ತೆ ಅಲ್ಲಿಗೇ ಬರುತ್ತದೆ. ಹಳೆಯ ಕಲೆ ಎಲ್ಲಿದೆ ಎಂದು ತಿಳಿಯದಿದ್ದರೆ ದೀಪ ಆರಿಸಿ, ನೋಟು ಪರೀಕ್ಷಿಸುವ ಅಲ್ಟ್ರಾವಯೊಲೆಟ್ ಟಾರ್ಚ್ ಹಾಕಿ ನೋಡಿ, ಹೊಳೆಯುತ್ತದೆ. ಹತ್ತಿ ಹಾಸಿಗೆಯ ಒಳಕ್ಕೆ ಇಳಿದಿದ್ದರೆ ಹತ್ತಿ ಬದಲಿಸುವುದೇ ದಾರಿ.

ಕಸ ಮತ್ತು ಊರಿಗೆ ಹೋಗುವಾಗ

ಜೇಡಿಯ ಲಿಟರನ್ನು ಕಮೋಡಿಗಾಗಲಿ ಮೋರಿಗಾಗಲಿ ಹಾಕಬೇಡಿ, ನೀರಿನಲ್ಲಿ ಉಬ್ಬಿ ಪೈಪು ಕಟ್ಟುತ್ತದೆ. ಮಹಡಿಯ ಕೈತೋಟದ ಗೊಬ್ಬರಕ್ಕೂ ಬೇಡ, ಅಲ್ಲಿ ಬೆಳೆದ ಸೊಪ್ಪನ್ನು ನಾವು ತಿನ್ನುತ್ತೇವೆ. ಸೋಯಾ, ಜೋಳದಂತಹ ಸಸ್ಯಮೂಲದ ಲಿಟರ್ ಆದರೂ ಮಲ ಸೇರಿರುವುದರಿಂದ ಹಸಿ ಕಸಕ್ಕೆ ಹಾಕುವಂತಿಲ್ಲ. ಹಳೆಯ ಪತ್ರಿಕೆಯಲ್ಲಿ ಬಿಗಿಯಾಗಿ ಸುತ್ತಿ, ಡೈಪರ್ ಕೊಡುವ ಹಾಗೆ ಕೆಂಪು ಗುರುತು ಹಾಕಿ, ಸ್ಯಾನಿಟರಿ ಕಸದ ಜೊತೆ ಬೇರೆಯಾಗಿ ಕೊಡಿ. ಬೆಳಿಗ್ಗೆ ಬರುವ ಕಸದ ಆಟೋದವರು ಬರಿಗೈಯಲ್ಲಿ ವಿಂಗಡಿಸುವುದನ್ನು ನೋಡಿದ್ದೇನೆ. ಪೊಟ್ಟಣ ಒಡೆಯದಂತೆ ಕಟ್ಟುವುದು ಅವರಿಗೆ ನಾವು ತೋರಿಸಲೇಬೇಕಾದ ಮರ್ಯಾದೆ.

ಹಬ್ಬಕ್ಕೆ ಊರಿಗೆ ಹೋಗುವಾಗ ಬೆಕ್ಕನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಬೀಗದ ಕೈ ಕೊಡುತ್ತೇವಲ್ಲ, ಆಗ ಊಟದ ಅಳತೆಯ ಜೊತೆಗೆ ಟಬ್ಬಿನ ವಿಷಯವನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ನಾನು ಫ್ರಿಜ್ ಬಾಗಿಲಿಗೆ ಅಂಟಿಸುವ ಚೀಟಿಯಲ್ಲಿ ಇಷ್ಟಿರುತ್ತದೆ: ದಿನಕ್ಕೆ ಎರಡು ಸಲ ತೆಗೆಯಿರಿ, ಸೌಟು ಕಿಟಕಿಯ ಪಕ್ಕದಲ್ಲಿದೆ, ಪತ್ರಿಕೆ ಮೇಜಿನ ಕೆಳಗಿದೆ. ಮಲಗುವ ಕೋಣೆಯ ಬಾಗಿಲು ಹಾಕಬೇಡಿ. ಉಂಡೆಗಳನ್ನು ಎಣಿಸಿ ಮೆಸೇಜ್ ಮಾಡಿ, ಮೂರು ಬೆಕ್ಕಿಗೆ ಸೇರಿ ದಿನಕ್ಕೆ ಆರಕ್ಕಿಂತ ಕಡಿಮೆಯಾದರೆ ಅಥವಾ ಕರಿಯ ತಿಣುಕುತ್ತಿದ್ದರೆ ಎಷ್ಟು ಹೊತ್ತಾದರೂ ಫೋನ್ ಮಾಡಿ.